ಮಾದಪ್ಪನಿಗೆ ಮೂರು ಸುತ್ತು

ಪೆಟ್ರೋಲಿನ ವಾಸನೆ, ಅದರ ಜೊತೆಗೆ ಆಗತಾನೇ ಕೊಯ್ದ ಹಸಿ ಹುಲ್ಲಿನ ವಾಸನೆ. ಇವೆರಡೂ ಒಟ್ಟಿಗೆ ಮೂಗಿಗೆ ಬಂದರೆ ಇವತ್ತಿಗೂ ನನ್ನ ಅಂಗೈ ಬೆವರುತ್ತದೆ. ಹೋದ ತಿಂಗಳು ಯಳಂದೂರಿನ ಆಚೆ ಒಬ್ಬರ ತೋಟಕ್ಕೆ ಮೋಟಾರು ಕೂರಿಸಿ ವಾಪಸು ಬರುತ್ತಿದ್ದೆ. ಕಾಲುವೆ ಏರಿಯ ಮೇಲೆ ಯಾರೋ ಹುಲ್ಲು ಕತ್ತರಿಸುವ ಮೆಷಿನ್ನು ಹಿಡಿದು ಗುರ್ರೆನಿಸುತ್ತಿದ್ದ. ಕಾರಿನ ಗಾಜು ಇಳಿಸಿದ್ದೆ. ವಾಸನೆ ಒಳಗೆ ನುಗ್ಗಿತು ನೋಡಿ, ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಎಡಗಡೆ ತಿರುಗಿದರೆ ಅದೇ ಜಾಗ. ತಗಡಿನ ಶೆಡ್ಡು ಇನ್ನೂ ನಿಂತಿದೆ, ಬಾಗಿಲಿಲ್ಲ. ನಾವು ವಿಮಾನ ಓಡಿಸುತ್ತಿದ್ದ ಉದ್ದನೆಯ ಹುಲ್ಲುಪಟ್ಟಿಯ ತುಂಬ ಈಗ ಬಾಳೆ ಹಾಕಿದ್ದಾರೆ.

ಹೌದು, ವಿಮಾನ. ಕೊಳ್ಳೇಗಾಲದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡಿರುವ ಈ ಪುಟ್ಟಸ್ವಾಮಿ ಒಂದು ಕಾಲದಲ್ಲಿ ವಿಮಾನ ಹಾರಿಸುತ್ತಿದ್ದ ಅಂದರೆ ಈಗಿನ ಗಿರಾಕಿಗಳು ನಗುತ್ತಾರೆ. ನಂಬುವ ಒಬ್ಬಿಬ್ಬರು, "ಎದ್ರಿಕೆ ಆಯ್ತಿರ್ನಿಲ್ವಾ ಸಾ?" ಅನ್ನುತ್ತಾರೆ. ಆಗುತ್ತಿತ್ತು ಸ್ವಾಮಿ. ಹತ್ತುವಾಗ, ಹಾರುವಾಗ, ಇಳಿಯುವಾಗ, ಇಳಿದು ಮನೆಗೆ ಬಂದು ಅನ್ನ ಕಲಸುವಾಗಲೂ ಆಗುತ್ತಿತ್ತು. ನಾನು ಹುಟ್ಟಾ ಪುಕ್ಕಲ. ತೆರೆದ ಬಾವಿಗೆ ಇಳಿದು ಪಂಪು ಬಿಚ್ಚುವುದು ನಮ್ಮ ಮನೆತನದ ಕಸುಬು. ಬಾವಿ ಕಂಡರೆ ನನಗೆ ಭಯ. ಕರೆಂಟು ಕಂಡರೆ ಭಯ. ಹಾವು ಬಿಡಿ, ಹಾವಿನ ಪೊರೆ ಕಂಡರೂ ಭಯ. ಆ ಭಯಗಳೆಲ್ಲ ತಾವಾಗಿಯೇ ಬಂದವು. ಇದೊಂದನ್ನು ಮಾತ್ರ ನಾನೇ ಹೋಗಿ ಕರೆದುಕೊಂಡು ಬಂದೆ. ನಲವತ್ತು ದಾಟಿದ ಮೇಲೆ ದೂರದ ಊರಿನ ತರಬೇತಿ ಶಾಲೆಗೆ ಎರಡು ವರ್ಷ ಅಲೆದು ಖಾಸಗಿ ಪೈಲಟ್ ಲೈಸೆನ್ಸು ತೆಗೆದುಕೊಂಡೆ. ಯಾಕೆ ಅಂತ ಕೇಳಬೇಡಿ. ನನ್ನ ಹೆಂಡತಿ ಮಂಗಳ ಕೇಳಿ ಕೇಳಿ ಸುಸ್ತಾಗಿದ್ದಾಳೆ.

ನಾನು ಹೇಳಬೇಕೆಂದಿರುವುದು ಲೈಸೆನ್ಸು ಬಂದ ಮೇಲಿನ ಒಂದು ಹಂಗಾಮಿನ ಮಾತು. ದೀಪಾವಳಿಯಿಂದ ಶಿವರಾತ್ರಿಯವರೆಗೆ, ನಾಲ್ಕು ತಿಂಗಳು.

ಆ ಹುಲ್ಲುಪಟ್ಟಿ ವಸುಂಧರಾ ಮೇಡಮ್ಮನವರದು. ಮೈಸೂರಿನ ಹೆಂಗಸು, ಆಗಲೇ ಅರವತ್ತೈದು ದಾಟಿತ್ತು. ಜೀವಮಾನವೆಲ್ಲ ಹುಡುಗರಿಗೆ ವಿಮಾನ ಕಲಿಸಿ, ನಿವೃತ್ತಿಯಾದ ಮೇಲೆ ಗಂಡನ ಕಡೆಯ ಜಮೀನಿಗೆ ಬಂದು ಅರಿಸಿನ ಬೆಳೆಯುತ್ತಿದ್ದರು. ಕಾಗದಪತ್ರ, ಅನುಮತಿ ಎಲ್ಲ ಮಾಡಿಸಿಕೊಂಡು ಜಮೀನಿನ ನಡುವೆ ಒಂದು ಪಟ್ಟಿ ಉಳಿಸಿಕೊಂಡಿದ್ದರು. ಶೆಡ್ಡಿನಲ್ಲಿ ಅವರದೂ ಅವರ ಸ್ನೇಹಿತರದೂ ಸೇರಿ ನಾಲ್ಕು ಪುಟ್ಟ ವಿಮಾನಗಳಿದ್ದವು. ನಾಲ್ಕೂ ಬೇರೆ ಬೇರೆ ಜಾತಿ. ನಾನು ಇಂಜಿನ್ನಿನ ಕೆಲಸ ಬಲ್ಲವನು ಅಂತ ಗೊತ್ತಾದ ಮೇಲೆ, "ಬನ್ರೀ ಪುಟ್ಟಸ್ವಾಮಿ, ಒಂದೇ ವಿಮಾನ ಹಾರಿಸೋನು ಪೈಲಟ್ ಅಲ್ಲ, ಡ್ರೈವರು" ಅಂದರು. ನನಗೆ ರೋಷ ಬಂತು. ಆ ರೋಷದಲ್ಲಿ ಒಪ್ಪಿಕೊಂಡುಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ.

ವಿಮಾನಗಳಿಗೆ ಹೆಸರಿಟ್ಟವನು ನಿಂಗಣ್ಣ. ಪಕ್ಕದ ಕೆರೆಯ ನೀರುಗಂಟಿ ಅವನು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವುದು ಅವನ ಅಪ್ಪ, ತಾತನಿಂದ ಬಂದ ಕೆಲಸ. ತೂಬಿಗೆ ಹೋಗುವ ದಾರಿ ಪಟ್ಟಿಯ ಪಕ್ಕದಲ್ಲೇ ಇದ್ದುದರಿಂದ, ನಾವು ಹಾರುವ ಹೊತ್ತಿಗೆ ದನ ಎಮ್ಮೆ ಅಡ್ಡ ಬರದ ಹಾಗೆ ನೋಡಿಕೊಳ್ಳುವ ಕೆಲಸವನ್ನೂ ಮೇಡಂ ಅವನಿಗೇ ವಹಿಸಿದ್ದರು. ಬಟ್ಟೆಯ ರೆಕ್ಕೆಯ ಕೆಳಗೆ ಮೂರು ಚಕ್ರದ ಬಂಡಿ ನೇತುಹಾಕಿದ ಹಾಗಿದ್ದುದು ಅವನ ಬಾಯಲ್ಲಿ 'ಚಪ್ಪರ'. ನೆತ್ತಿಯ ಮೇಲೆ ರೆಕ್ಕೆ, ಸಪೂರ ಕಾಲು ಇದ್ದುದು 'ಕೊಕ್ಕರೆ'. ಬಾಲದಲ್ಲಿ ಪುಟ್ಟ ಚಕ್ರ, ಮೂತಿ ಆಕಾಶಕ್ಕೆ ಎತ್ತಿ ಕೂತಿರುವ ಹಳೆಯದು 'ಕಪ್ಪೆ'. ರೆಕ್ಕೆ ಕೆಳಗಿದ್ದು, ಅದರ ಮೇಲೆ ನಾವು ಕೂರುವಂಥ ಕೆಂಪು ವಿಮಾನ 'ಯಾಟೆ'. ಕಾವು ಕೂತ ಕೋಳಿಯ ಹಾಗೆ ರೆಕ್ಕೆ ಹರಡಿಕೊಂಡಿದೆ ಅಂತ ಅವನ ವಾದ. ಮೇಡಂ ಕೂಡ ಆಮೇಲಾಮೇಲೆ ಹಾಗೇ ಕರೆಯತೊಡಗಿದರು.

ನಾನು ಕಲಿತು ಬಂದದ್ದು ಕೊಕ್ಕರೆಯ ಜಾತಿಯದು. ಅದರಲ್ಲಿ ಕೈಗೋಲು ಎಳೆದರೆ ಮೂತಿ ಮೇಲಕ್ಕೆ, ತಳ್ಳಿದರೆ ಕೆಳಕ್ಕೆ. ಚಪ್ಪರದಲ್ಲಿ ಎಲ್ಲ ಉಲ್ಟಾ. ಎದೆಯ ಮುಂದೆ ಅಡ್ಡಲಾಗಿ ಒಂದು ಸರಳು. ಅದನ್ನು ಮುಂದಕ್ಕೆ ತಳ್ಳಿದರೆ ಏರುತ್ತದೆ, ಎಳೆದುಕೊಂಡರೆ ಇಳಿಯುತ್ತದೆ. ನೆಲದ ಮೇಲೆ ಓಡುವಾಗ ಬಲಗಾಲು ಒತ್ತಿದರೆ ಎಡಕ್ಕೆ ತಿರುಗುತ್ತದೆ. ಮೊದಲನೆಯ ದಿನವೇ ನಾನು ನೇರ ಅರಿಸಿನದ ಮಡಿಗೆ ನುಗ್ಗಿಸಿದೆ. ಗೋಡೆಯಿಲ್ಲ, ಬಾಗಿಲಿಲ್ಲ, ಮೇಲೆ ಹೋದ ಮೇಲೆ ತೊಡೆಗಳ ನಡುವೆ ಬಗ್ಗಿ ನೋಡಿದರೆ ಸಾವಿರ ಅಡಿ ಕೆಳಗೆ ಗದ್ದೆ. ಕಾರ್ತಿಕದ ಬೆಳಗಿನ ಚಳಿಗೆ ಹಲ್ಲು ಕಟಕಟ ಅನ್ನುತ್ತಿವೆ ಅಂತ ಮೇಡಮ್ಮಿಗೆ ಹೇಳುತ್ತಿದ್ದೆ. ಚಳಿ ಅಲ್ಲ ಅಂತ ಅವರಿಗೂ ಗೊತ್ತಿತ್ತು.

ಒಂದು ತಿಂಗಳು ಚಪ್ಪರ ಹಾರಿಸಿ ಕೈ ಒಗ್ಗಿತು ಅನ್ನುವಷ್ಟರಲ್ಲಿ ಮತ್ತೆ ಕೊಕ್ಕರೆ ಹತ್ತಿಸಿದರು. ಇಳಿಯುವಾಗ ನೆಲ ಹತ್ತಿರ ಬಂತು. ಮೂತಿ ಎತ್ತಬೇಕು. ನನ್ನ ಕೈ ಚಪ್ಪರದ ಕೈ ಆಗಿತ್ತು, ಮುಂದಕ್ಕೆ ತಳ್ಳಿಬಿಟ್ಟೆ. ಗಾಜಿನ ತುಂಬ ಹುಲ್ಲೇ ಹುಲ್ಲು. ಮೇಡಂ ತಮ್ಮ ಕಡೆಯ ಕೋಲನ್ನು ಹೊಟ್ಟೆಗೆ ಎಳೆದುಕೊಂಡರು. ವಿಮಾನ ಧಡ್ ಅಂತ ಕೂತು, ಪುಟಿದು, ಮತ್ತೆ ಕೂತಿತು. ಇಂಜಿನ್ನು ಆರಿಸಿದ ಮೇಲೆ ಮೇಡಂ ನನ್ನ ಕಡೆ ತಿರುಗಿದರು. "ರೀ, ನಿಮ್ಮ ಕೈಗೆ ನೆನಪಿರೋದು ಬೇರೆ, ತಲೆಗೆ ನೆನಪಿರೋದು ಬೇರೆ. ಹೆದರಿದಾಗ ಕೆಲಸ ಮಾಡೋದು ಕೈ ನೆನಪು ಮಾತ್ರ" ಅಂದರು. ಆ ಮಾತು ನನ್ನನ್ನು ಎಷ್ಟು ಕಾಡಿತು ಅಂದರೆ, ಅಂಗಡಿಯಲ್ಲಿ ಕೂತಾಗಲೂ ಮೇಜಿನ ಕೆಳಗೆ ಎಳೆಯುವುದು ತಳ್ಳುವುದು ಅಭ್ಯಾಸ ಮಾಡುತ್ತಿದ್ದೆ.

ಸಂಕ್ರಾಂತಿಯ ಹೊತ್ತಿಗೆ ಕಪ್ಪೆ. ಅದರ ಮೂತಿ ಕಣ್ಣಿಗೆ ಅಡ್ಡ; ನೆಲದ ಮೇಲಿರುವಾಗ ಮುಂದೇನಿದೆ ಅಂತಲೇ ಕಾಣುವುದಿಲ್ಲ. ಇಳಿದ ಮೇಲೂ ನಂಬುವಂತಿಲ್ಲ, ಬಾಲ ತಾನೇ ಮುಂದಾಗಲು ನೋಡುತ್ತದೆ. ಒಂದು ಬೆಳಿಗ್ಗೆ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಅಡ್ಡಗಾಳಿ ಬೀಸುತ್ತಿತ್ತು. ಚಕ್ರ ನೆಲ ಮುಟ್ಟಿತು, ಬದುಕಿದೆಯಾ ಬಡಜೀವವೇ ಅಂದುಕೊಂಡು ಕಾಲು ಸಡಿಲ ಬಿಟ್ಟೆ. ಅಷ್ಟೇ. ಇಡೀ ವಿಮಾನ ಗರಗರ ತಿರುಗಿತು. ಧೂಳು ಇಳಿದ ಮೇಲೆ ನೋಡಿದರೆ ನಾವು ಬಂದ ದಾರಿಯ ಕಡೆಗೇ ಮುಖ ಮಾಡಿ ನಿಂತಿದ್ದೆವು. ನಿಂಗಣ್ಣ ಓಡಿ ಬಂದ. ನನ್ನ ಮುಖ ನೋಡಿ, ಬಾಲ ನೋಡಿ, "ಇಂದ್ಕ ತಿರ್ಗಿ ನಿಂತದಲ್ಲಾ ಸಾ, ಏನಾರ ಬುಟ್ ಬಂದ್ರಾ?" ಅಂದ. ಮೇಡಂ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ನಾನು ಶೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿದೆ.

ನಾಲ್ಕನೆಯದೇ ಯಾಟೆ. ನಾಲ್ಕರಲ್ಲೂ ಒಳ್ಳೆಯದು ಅದೇ; ವೇಗ, ನೆಮ್ಮದಿಯ ಸೀಟು, ಸ್ಥಿರ ಹಾರಾಟ. ಆದರೆ ಅದಕ್ಕೆ ಎರಡು ರೆಕ್ಕೆಯಲ್ಲಿ ಎರಡು ಟ್ಯಾಂಕು. ಕೊಕ್ಕರೆಯಲ್ಲೂ ಎರಡಿದ್ದವು, ಆದರೆ ಅಲ್ಲಿ ಎರಡೂ ಒಟ್ಟಿಗೆ ಇಳಿದು ಬರುತ್ತಿದ್ದವು. ಹಾರುವಾಗ ಆ ಯೋಚನೆಯೇ ಇಲ್ಲ. ಯಾಟೆಯಲ್ಲಿ ಹಾಗಲ್ಲ. ಎಡ ಇಲ್ಲವೇ ಬಲ, ಒಂದೇ ಕುಡಿಯುತ್ತದೆ. ಕಾಲಿನ ಹತ್ತಿರ ಇರುವ ಒಂದು ಹಿಡಿಯನ್ನು ಅರ್ಧ ಗಂಟೆಗೊಮ್ಮೆ ನಾವೇ ತಿರುಗಿಸಬೇಕು. ಮರೆತರೆ, ಒಂದು ಕಡೆ ತುಂಬಿದ್ದರೂ ಇಂಜಿನ್ನು ನಿಲ್ಲುತ್ತದೆ. "ನೀವು ಹೊಸಬರು, ಗಡಿಯಾರ ನೋಡೋಕೆ ಮರೀತೀರ. ನೆಲಕ್ಕೆ ಕಟ್ಟಿ. ಇಂಥ ಊರು ಬಂದಾಗ ತಿರುಗಿಸ್ತೀನಿ ಅಂತ ಇಟ್ಟುಕೊಳ್ಳಿ" ಅಂದರು ಮೇಡಂ. ಹಾಗೇ ಇಟ್ಟುಕೊಂಡೆ. ಮೈಸೂರಿನ ಕಡೆ ಹೋದರೆ ಹೊಳೆ ದಾಟುವಾಗ ಟ್ಯಾಂಕು. ಪೂರ್ವಕ್ಕೆ ಹೋದರೆ ಮಲೆ ಮಹದೇಶ್ವರ ಬೆಟ್ಟದ ನೆತ್ತಿಗೆ ಬಂದಾಗ ಟ್ಯಾಂಕು. ಮೇಡಮ್ಮಿನ ಜೊತೆ ಆರೇಳು ಸಲ ಹೋಗಿ ಬಂದೆ, ಒಂದು ಸಲವೂ ತಪ್ಪಲಿಲ್ಲ.

ನಿಂಗಣ್ಣ ತನ್ನ ಮನಸ್ಸಿನ ಮಾತು ಹೇಳಿದ್ದು ಆಗಲೇ. ಒಂದು ಬೆಳಿಗ್ಗೆ ಕುಂಟುತ್ತಾ ಬಂದು ರೆಕ್ಕೆಯ ನೆರಳಲ್ಲಿ ಕೂತ. ವಯಸ್ಸಿಗೆ ಬಂದಾಗಿನಿಂದ ಪ್ರತಿ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ, ಅದೇ ಮಹದೇಶ್ವರ ಬೆಟ್ಟಕ್ಕೆ, ನಡೆದೇ ಹೋಗುವವನು ಅವನು. ಒಂದು ವರ್ಷವೂ ತಪ್ಪಿಸಿದವನಲ್ಲ. ಹೋಗುವಾಗ ತನ್ನ ತೂಬಿನ ನೀರು ಒಂದು ಪಾತ್ರೆ ಹೊತ್ತುಕೊಂಡು ಹೋಗಿ ಅಲ್ಲಿ ಸುರಿದು ಬರುವುದು ಅವರ ಮನೆಯ ನಡಾವಳಿ. ಈ ಸಲ ಮಂಡಿ ಕೈಕೊಟ್ಟಿತ್ತು. ನಡೆದರೆ ಕಾಲೇ ಹೋಗುತ್ತದೆ ಅಂತ ಡಾಕ್ಟರು ಬೈದಿದ್ದರಂತೆ.

"ಬಸ್ಸಲ್ಲಿ ಹೋಗು ನಿಂಗಣ್ಣ" ಅಂದೆ.

"ಬಸ್ಸಲ್ಲಿ ಎಲ್ರೂ ಓಯ್ತಾರೆ ಸಾ. ನಡ್ಕಂಡ್ ಓಗೋನು ನಾನು. ಈ ಸಲ ನಡಿಯಕ್ಕಾಗ್ನಿಲ್ಲ ಕಣಪ್ಪಾ ಅಂತ ಮಾದಪ್ಪಂಗೆ ಮಕ ಕೊಟ್ಟು ಯೋಳ್ಬೇಕು. ಆಮೇಕೆ ಬಸ್ಸೋ ಗಿಸ್ಸೋ. ಒಂದ್ಸಲ ನಿಮ್ ಯಾಟೇಲಿ ಕರ್ಕಂಡೋಗಿ ತೋರ್ಸ್‌ಬುಡಿ ಸಾ. ಇಳಿಯದೇನ್ ಬ್ಯಾಡ."

ಲೈಸೆನ್ಸಿನ ಪ್ರಕಾರ ಕರೆದುಕೊಂಡು ಹೋಗಬಹುದು. ಆದರೆ ಅಲ್ಲಿಯವರೆಗೆ ನನ್ನ ಪಕ್ಕದಲ್ಲಿ ಕೂತವರು ಮೇಡಂ ಒಬ್ಬರೇ. ನಾನು ತಪ್ಪಿದರೆ ಎಳೆದುಕೊಳ್ಳಲು ಇನ್ನೆರಡು ಕೈ ಇದ್ದವು. ಇಲ್ಲಿ ಇರುವುದು ನನ್ನ ಕೈ, ಎಳೆಯುವುದೋ ತಳ್ಳುವುದೋ ಅಂತ ಗೊತ್ತಿಲ್ಲದ ಕೈ. ಮನೆಗೆ ಬಂದು ಮಂಗಳನ ಹತ್ತಿರ ಹೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ನಿಮ್ ಜೀವ ನಿಮ್ಮಿಷ್ಟ ಕಣ್ರೀ. ನಿಂಗಣ್ಣಂದು ನಿಮ್ದಲ್ಲ" ಅಂದಳು. ಅಷ್ಟೇ ಅಂದಿದ್ದು. ಅದಾದ ಮೇಲೆ ನನಗೆ ಊಟ ಸೇರಲಿಲ್ಲ.

ನೆಪ ಹೇಳಿ ಹೇಳಿ ಎರಡು ವಾರ ತಳ್ಳಿದೆ. ಗಾಳಿ ಸರಿಯಿಲ್ಲ ನಿಂಗಣ್ಣ. ಕಾಡಿನಲ್ಲಿ ಬೆಂಕಿರೇಖೆ ಸುಡುತ್ತಿದ್ದಾರೆ, ಹೊಗೆ. ಪ್ಲಗ್ ಬದಲಾಯಿಸಬೇಕು. ಅವನು ಒಂದು ದಿನವೂ ಯಾಕೆ ಅನ್ನಲಿಲ್ಲ. ಪ್ರತಿ ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ತಣ್ಣೀರು ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಬಾಯಿಗೆ ತೊಟ್ಟು ನೀರೂ ಹಾಕದೆ ಶೆಡ್ಡಿನ ಬಾಗಿಲಲ್ಲಿ ಕೂತಿರುತ್ತಿದ್ದ. ಕೈಯಲ್ಲಿ ತೂಬಿನ ನೀರು ತುಂಬಿದ ಒಂದು ಬಾಟಲಿ. ಇವತ್ತಿಲ್ಲ ಅಂದರೆ, "ನಾಳಿಕ್ ಬತ್ತೀನಿ ಬುಡಿ" ಅಂತ ಎದ್ದು ಹೋಗುತ್ತಿದ್ದ. ಕೊನೆಗೆ ನನ್ನ ಹೆದರಿಕೆಗಿಂತ ನಾಚಿಕೆ ದೊಡ್ಡದಾಯಿತು. ಶಿವರಾತ್ರಿಗೆ ನಾಲ್ಕು ದಿನ ಉಳಿದಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು, ನೆಪಕ್ಕೂ ಒಂದು ಮೋಡ ಇರಲಿಲ್ಲ.

ಇಬ್ಬರ ಭಾರ, ಬಿಸಿಲು, ಗಿಡ್ಡ ಪಟ್ಟಿ. ಅದಕ್ಕೆ ಎರಡೂ ಟ್ಯಾಂಕಿಗೆ ಅರ್ಧರ್ಧ ಹಾಕಿಸಿದೆ. ಒಂದೊಂದೂ ಮುಕ್ಕಾಲು ಗಂಟೆಗೆ ಸ್ವಲ್ಪ ಮೇಲೆ ಬರುವಷ್ಟು. ನಾನು ಕಡ್ಡಿ ಇಳಿಸಿ ಅಳೆಯುತ್ತಿದ್ದಾಗ ನಿಂಗಣ್ಣ ಬಗ್ಗಿ ನೋಡುತ್ತಿದ್ದ.

"ಅದ್ಯಾಕ್ ಸಾ ಈ ಕಡೀಕ್ ವಸಿ, ಆ ಕಡೀಕ್ ವಸಿ?"

"ಎರಡೂ ಒಟ್ಟಿಗೆ ಬಿಡಕ್ಕಾಗಲ್ಲ ನಿಂಗಣ್ಣ. ಅರ್ಧ ಗಂಟೆ ಎಡದ್ದು, ಆಮೇಲೆ ಬಲದ್ದು."

"ಪಾಳಿ ಅನ್ನಿ."

"ಹೂಂ, ಪಾಳಿ." ಒಳಗಿದ್ದ ಹಿಡಿಯನ್ನು ತೋರಿಸಿದೆ. ಅವನು ಅದನ್ನೇ ಬಹಳ ಹೊತ್ತು ನೋಡಿ, "ಇದೇಯಾ ತೂಬು" ಅಂತ ತಲೆಯಾಡಿಸಿದ. ಚಪ್ಪಲಿಯನ್ನು ಪಟ್ಟಿಯ ಅಂಚಿನಲ್ಲೇ ಬಿಟ್ಟು ಬರಿಗಾಲಲ್ಲಿ ಹತ್ತಿದ. ತಲೆಗೆ ಕಟ್ಟಿದ ಟವೆಲ್ಲಿನ ಮೇಲೆ ಹೆಡ್‌ಫೋನ್ ಹಾಕಿದೆ. ಬಾಟಲಿಯನ್ನು ತೊಡೆಗಳ ನಡುವೆ ಇಟ್ಟುಕೊಂಡ. ಮೇಡಂ ಕೈ ಬೀಸಲಿಲ್ಲ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

ಎಡದ ಟ್ಯಾಂಕಿನ ಮೇಲೆ ಎದ್ದೆವು. ಎದ್ದ ಕೂಡಲೇ ಅವನ ಕೆರೆ ಕಂಡಿತು. "ನನ್ ಕೆರೆ ಇಷ್ಟೇಯಾ!" ಅಂತ ಕೂಗಿದ, ಅದರ ಮೇಲೆ ಎರಡು ಸುತ್ತು ಹಾಕಿಸಿದ. ಕೊಳ್ಳೇಗಾಲದಲ್ಲಿ ನನ್ನ ಅಂಗಡಿಯ ನೀಲಿ ಶೀಟು ತೋರಿಸಿದೆ. ಹನೂರು ದಾಟಿದ ಮೇಲೆ ಗದ್ದೆ ಮುಗಿದು ಕಾಡು ಶುರುವಾಯಿತು. ರಸ್ತೆಯ ಅಂಚಿನಲ್ಲಿ ಸಾಲು ಸಾಲಾಗಿ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಕಂಡರು. ನಿಂಗಣ್ಣ ಗಾಜಿಗೆ ಹಣೆ ಒತ್ತಿಕೊಂಡು ಅವರನ್ನೇ ನೋಡುತ್ತಿದ್ದ. ನಾನು ನೋಡುತ್ತಿದ್ದುದು ಬೇರೆ. ಇಂಜಿನ್ನು ನಿಂತರೆ ಎಲ್ಲಿ ಇಳಿಸುವುದು ಅಂತ ಹುಡುಕುತ್ತಾ ಹೋಗುವುದು ಪೈಲಟ್ಟಿನ ಚಾಳಿ. ಹನೂರಿನ ಆಚೆ ಆ ಜಾಗ ಕಮ್ಮಿಯಾಗುತ್ತಾ ಹೋಗುತ್ತದೆ.

ಬೆಟ್ಟ ಹತ್ತಿರ ಬಂತು. ಗೋಪುರ, ಲಾಡ್ಜುಗಳು, ಬಸ್ ನಿಲ್ದಾಣ ಎಲ್ಲ ಬೆರಳುಗಾತ್ರಕ್ಕೆ ಕಾಣುತ್ತಿದ್ದವು. ನೇರ ಮೇಲಕ್ಕೆ ಹೋಗಿ, ಟ್ಯಾಂಕು ತಿರುಗಿಸಿ, ವಾಪಸು ಅಂತ ನನ್ನ ಲೆಕ್ಕ. ನಿಂಗಣ್ಣ ನನ್ನ ತೋಳು ಹಿಡಿದ.

"ಸಾ, ತಲೆ ಮ್ಯಾಲೆ ಬ್ಯಾಡಿ."

"ಏನು?"

"ಮಾದಪ್ಪನ್ ತಲೆ ಮ್ಯಾಲೆ ಓಯ್ತಾರಾ ಸಾ! ಸುತ್ಕಂಡ್ ಓಗವಾ. ಬಲಕ್ಕೆ ಅವನ್ನ ಇಟ್ಕಳಿ. ಮೂರ್ ಸುತ್ತು."

ತಪ್ಪೇನಿದೆ? ನಾನೂ ಇದೇ ಸೀಮೆಯವನು, ನಮ್ಮ ಮನೆಯಲ್ಲೂ ಮಾದಪ್ಪನ ಪಟ ಇದೆ. ಇಷ್ಟು ದಿನ ಮೇಡಮ್ಮಿನ ಜೊತೆ ಅವನ ನೆತ್ತಿಯ ಮೇಲೇ ಹಾರಿದ್ದೆನಲ್ಲ ಅಂತ ಒಳಗೊಳಗೇ ಗಲ್ಲ ಬಡಿದುಕೊಂಡೆ. ದೂರಕ್ಕೆ ಸರಿದು, ಬೆಟ್ಟವನ್ನು ಬಲಕ್ಕೆ ಇಟ್ಟುಕೊಂಡು ಸುತ್ತತೊಡಗಿದೆ. ಬಿಸಿಲೇರಿತ್ತು, ಬಂಡೆಗಳಿಂದ ಎದ್ದ ಗಾಳಿ ವಿಮಾನವನ್ನು ಎತ್ತಿ ಎತ್ತಿ ಕುಕ್ಕುತ್ತಿತ್ತು. ಒಂದೊಂದು ಕುಕ್ಕಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ನಿಂಗಣ್ಣ ಎರಡೂ ಕೈಯಲ್ಲಿ ಬಾಟಲಿ ಎತ್ತಿ ಗಾಜಿನ ಕಡೆಗೆ ಹಿಡಿದು, "ಉಘೇ ಮಾದಪ್ಪ, ಬಂದಿವ್ನಿ ಕಣಪ್ಪೋ, ಕಾಲಿಲ್ದೆ ಬಂದಿವ್ನಿ" ಅನ್ನುತ್ತಿದ್ದ. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಒಂದು ಸುತ್ತು. ಎರಡು ಸುತ್ತು. ಉತ್ತರದಿಂದ ಬಳಸಿ ಪೂರ್ವಕ್ಕೆ ಬಂದರೆ ಗೋಪಿನಾಥಂ ಕಡೆ ನೀರು ಹೊಳೆಯುತ್ತಿತ್ತು. ನೆತ್ತಿಗೆ ಬಂದಾಗ ಟ್ಯಾಂಕು ಅಂತ ನೆನಪು ಕಟ್ಟಿಕೊಂಡಿದ್ದೆ. ನೆತ್ತಿಗೆ ನಾವು ಬರಲೇ ಇಲ್ಲ.

ಮೂರನೆಯ ಸುತ್ತಿನ ಕೊನೆಯ ಕಾಲು ಭಾಗ. ಬೆಟ್ಟದ ದಕ್ಷಿಣಕ್ಕಿದ್ದೆವು. ಇಂಜಿನ್ನು ಒಂದು ಸಲ ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಆಮೇಲೆ ನಿಂತಿತು.

ಆ ಸದ್ದಿಲ್ಲದಿರುವುದನ್ನು ಹೇಗೆ ಹೇಳಲಿ. ಮೂತಿಯ ಫ್ಯಾನು ಸುಮ್ಮನೆ ಗಾಳಿಗೆ ತಿರುಗುತ್ತಿದೆ, ರೆಕ್ಕೆಯ ಸುತ್ತ ಸುಂಯ್ ಅಂತ ಗಾಳಿ, ಕೆಳಗೆ ಎಲೆಯುದುರಿಸಿ ನಿಂತ ಕಾಡು, ಬಂಡೆ, ಕಣಿವೆ. ದೂರದಲ್ಲಿ ಹೂಗ್ಯಂ ಕಡೆ ನಾಲ್ಕು ಹೊಲ ಕಂಡವು; ಅಲ್ಲಿಗೆ ತಲುಪುವುದಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ಮೂರು ನಿಮಿಷ ಇತ್ತು, ಹೆಚ್ಚೆಂದರೆ. ನನ್ನ ಕೈ ಕೋಲನ್ನು ಎಳೆದುಕೊಂಡೇ ಇತ್ತು. ಹೆದರಿದ ಕೈ ಎಳೆಯುತ್ತದೆ. ವೇಗ ಇಳಿದು ಎಚ್ಚರಿಕೆಯ ಪೀಪಿ ಕಿರುಚತೊಡಗಿತು. ತಳ್ಳು, ತಳ್ಳು ಪುಟ್ಟಸ್ವಾಮಿ ಅಂತ ನನಗೆ ನಾನೇ ಹೇಳಿಕೊಂಡು ಮೂತಿ ಇಳಿಸಿದೆ. ಪೀಪಿ ನಿಂತಿತು. ಆಮೇಲೆ ಇಂಜಿನ್ನು ನಿಂತರೆ ಮಾಡಬೇಕಾದ್ದರ ಬಾಯಿಪಾಠ ಶುರು ಮಾಡಿದೆ. ಬಿಸಿಗಾಳಿ ಎಳಿ. ಮಿಶ್ರಣ ಒತ್ತು. ಕಿಡಿಯ ಕೀಲಿ ಸರಿಯಾಗಿದೆ. ಎಲ್ಲ ಮುಟ್ಟಿದೆ, ಏನೂ ಆಗಲಿಲ್ಲ. ಮತ್ತೆ ಮೊದಲಿನಿಂದ ಹೇಳಿದೆ. ಬಿಸಿಗಾಳಿ, ಮಿಶ್ರಣ, ಕೀಲಿ. ನಾನು ಹೇಳುತ್ತಿದ್ದುದು ಕೊಕ್ಕರೆಯ ಪಾಠ ಅಂತ ನನಗೆ ಹೊಳೆಯಲೇ ಇಲ್ಲ. ಆ ಪಾಠದಲ್ಲಿ ನಾನು ಟ್ಯಾಂಕಿಗೆ ಕೈ ಹಾಕಿದ್ದೇ ಇಲ್ಲ. ಮಂಗಳ ರೊಟ್ಟಿ ತಟ್ಟುವುದು ನಿಲ್ಲಿಸಿದ್ದು ಕಣ್ಣ ಮುಂದೆ ಬಂತು.

ಆಗ ಕಿವಿಯಲ್ಲಿ ನಿಂಗಣ್ಣನ ದನಿ. ಗದ್ದೆ ಬದುವಿನ ಮೇಲೆ ನಿಂತು ಮಾತಾಡುವ ಹಾಗೆ, ಏರಿಲ್ಲ ಇಳಿವಿಲ್ಲ.

"ಎಡದ್ ತೂಬು ಮುಗೀತು ಅನ್ನುಸ್ತದೆ ಸಾ. ಬಲದ್ ಪಾಳಿ ಬುಡಿ."

ಹಿಡಿ ತಿರುಗಿಸಿದೆ. ಪಂಪಿನ ಸ್ವಿಚ್ಚು ಹಾಕಿದೆ. ಒಂದು, ಎರಡು, ಮೂರು ಅಂತ ಎಣಿಸಿದೆ. ಎಂಟಕ್ಕೆ ಇಂಜಿನ್ನು ಕೆಮ್ಮಿತು, ಹತ್ತಕ್ಕೆ ಗುಡುಗಿತು. ಅದುವರೆಗೆ ಹಿಡಿದಿದ್ದ ಉಸಿರು ನನ್ನ ಬಾಯಿಂದ ಅಳುವಿನ ಹಾಗೆ ಹೊರಗೆ ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ.

ಇಪ್ಪತ್ತು ವರ್ಷ ಅಂಗಡಿಯಲ್ಲಿ ಕೂತು, ಕೆಟ್ಟು ನಿಂತ ಪಂಪು ತಂದವರಿಗೆಲ್ಲ ನಾನು ಕೇಳುವ ಮೊದಲನೆಯ ಪ್ರಶ್ನೆ "ಎಣ್ಣೆ ಬಿಡೋ ಕಾಕು ತಿರುಗಿಸಿದ್ರೇನ್ರೀ?" ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ವಾಪಸು ಬಂದು ಇಳಿಸಿದ್ದು ಹೇಗೆ ಅಂತ ನೆನಪಿಲ್ಲ. ಬಾಗಿಲು ತೆಗೆದಾಗ ನಿಂಗಣ್ಣ ಕೂತಿದ್ದ ಸೀಟು ಒದ್ದೆಯಾಗಿತ್ತು. "ಬಾಟ್ಲಿ ಉಳ್ಳಿ ಚೆಲ್ಲೋಯ್ತು ಸಾ" ಅಂದು, ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು ಚಪ್ಪಲಿ ಮೆಟ್ಟಿ ಕೆರೆಯ ಕಡೆಗೆ ಕುಂಟುತ್ತಾ ಹೊರಟುಹೋದ. ಬೆಟ್ಟದಲ್ಲಿ ಸುರಿಯಲಿಕ್ಕಾಗದ ನೀರು ಇಲ್ಲಿ ಚೆಲ್ಲಿತಲ್ಲ ಅಂತ ನನಗೆ ಪಾಪ ಅನ್ನಿಸಿತು. ವೇಸ್ಟ್ ಬಟ್ಟೆ ತೆಗೆದುಕೊಂಡು ಸೀಟನ್ನು ನಾನೇ ಒರೆಸಿದೆ.

ಅಷ್ಟರಲ್ಲಿ ಮೇಡಂ ಕಡ್ಡಿ ಹಿಡಿದು ರೆಕ್ಕೆಯ ಹತ್ತಿರ ಬಂದಿದ್ದರು. ಎಡದ ಟ್ಯಾಂಕಿಗೆ ಇಳಿಸಿ ತೆಗೆದರು. ಕಡ್ಡಿ ಒಣಗಿದ್ದ ಹಾಗೇ ಬಂತು. ಅದನ್ನು ನನ್ನ ಮುಖದ ಮುಂದೆ ಹಿಡಿದರು. ನಾನು ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದೆ. ಅವರು ಬೈಯಲಿಲ್ಲ, ಕಲ್ಲಿನ ಮೇಲೆ ಕೂತುಕೊಂಡರು. "ನೆಲಕ್ಕೆ ಕಟ್ಟಿ ಅಂದವಳು ನಾನು. ಪೆಟ್ರೋಲಿಗೆ ಬೆಟ್ಟ ಗೊತ್ತಾ, ಗೋಪುರ ಗೊತ್ತಾ? ಹೊತ್ತಿಗೆ ಕಟ್ಟಬೇಕಿತ್ತು. ತಪ್ಪು ನಿಮ್ಮದೊಬ್ಬರದೇ ಅಲ್ಲ" ಅಂದರು. ಆ ದಿನದಿಂದ ಯಾಟೆಯ ಬೀಗದ ಕೈ ನನಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಮುಂಗಾರಿನ ಹೊತ್ತಿಗೆ ಅವರು ಮಗಳ ಮನೆಗೆ ಅಂತ ಮೈಸೂರು ಸೇರಿದರು. ವಿಮಾನಗಳು ಒಂದೊಂದಾಗಿ ಬೇರೆಯವರ ಪಾಲಾದವು.

ಊರಿನಲ್ಲಿ ಆದದ್ದೇ ಬೇರೆ. ಶಿವರಾತ್ರಿಯ ಮಾರನೆಯ ದಿನ ಅಂಗಡಿಗೆ ಬಂದ ಇಬ್ಬರು ರೈತರು ಒಂದು ಚಿಪ್ಪು ಬಾಳೆಹಣ್ಣು, ತೆಂಗಿನಕಾಯಿ ತಂದು ಮೇಜಿನ ಮೇಲೆ ಇಟ್ಟರು. ಏನಿದು ಅಂದರೆ, "ಮಾದಪ್ಪನ್ ಮುಂದೆ ಸದ್ದು ಮಾಡ್ಬಾರ್ದು ಅಂತ ಯಂತ್ರಾನೇ ನಿಲ್ಸಿ ಕೈ ಮುಗುದ್ರಂತಲ್ಲ ಸಾ ನೀವು! ನಿಂಗಣ್ಣ ಯೋಳ್ದ." ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲ ಅಂತ ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ. ಹೀಗೆ ಹೆದರುಪುಕ್ಕಲನೊಬ್ಬ ಆ ಸೀಮೆಯಲ್ಲಿ ದೊಡ್ಡ ದೈವಭಕ್ತನಾದ. ನಿಂಗಣ್ಣ ಎದುರು ಸಿಕ್ಕಾಗಲೆಲ್ಲ ನಾನೇ ತಪ್ಪಿಸಿಕೊಳ್ಳುತ್ತಿದ್ದೆ. ಅಂಥ ಗುಂಡಿಗೆಯ ಮನುಷ್ಯನ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಅಂತ. ಐದಾರು ವರ್ಷ ಹಾಗೇ ಕಳೆಯಿತು.

ಹೋದ ತಿಂಗಳು ಕಾರು ನಿಲ್ಲಿಸಿದೆ ಅಂದೆನಲ್ಲ, ಬಾಳೆಯ ಆಚೆ ತೂಬಿನ ಕಲ್ಲಿನ ಮೇಲೆ ಅವನೇ ಕೂತಿದ್ದ. ಪಕ್ಕದಲ್ಲಿ ಊರುಗೋಲು. ಈ ಸಲ ತಪ್ಪಿಸಿಕೊಳ್ಳಲಿಲ್ಲ, ಹೋಗಿ ಪಕ್ಕದಲ್ಲಿ ಕೂತೆ. ಮಂಡಿ, ಮಳೆ, ಮೊಮ್ಮಕ್ಕಳು ಎಲ್ಲ ಮಾತಾಡಿದ ಮೇಲೆ ಕೇಳಿಯೇಬಿಟ್ಟೆ.

"ನಿಂಗಣ್ಣ, ಆವತ್ತು ನಾನು ಮರೆತೆ ಅಂತ ನಿನಗೆ ಗೊತ್ತಿತ್ತು. ಊರಿಗೆಲ್ಲ ಯಾಕೆ ಹಾಗೆ ಹೇಳಿದೆ?"

"ಇನ್ನೇನ್ ಯೋಳ್ಲಿ ಸಾ? ನಾನೂ ಒಂದ್ಸಲ ತೂಬು ಮುಚ್ಚದ ಮರ್ತು ಮನ್ಗಿದ್ದೆ. ನಾಕ್ ಜನದ ಪೈರು ಕೊಚ್ಕಂಡೋಯ್ತು. ಬುಡಿ ಅತ್ಲಾಗೆ."

"ನಿನಗೆ ಒಂಚೂರೂ ಹೆದರಿಕೆ ಆಗಲಿಲ್ವಾ?"

ಅವನು ನೀರಿನ ಕಡೆ ನೋಡುತ್ತಾ ಕೂತಿದ್ದ. "ನಾನೂ ಬಾಯ್ ಬಡ್ಕಂಡಿದ್ರೆ ನಿಮ್ ಕೈ ಪೂರಾ ನಿಂತೋಗದು ಸಾ. ಅದ್ಕೆ ಗಟ್ಟಿಗೆ ಕುಂತಿದ್ದೆ." ಆಮೇಲೆ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡ. ಭುಜ ಕುಲುಕುತ್ತಿತ್ತು. ನಗುತ್ತಿದ್ದಾನೆ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಆ ಬಾಟ್ಲಿ ನೀರು ಒಂದ್ ತೊಟ್ಟೂ ಚೆಲ್ಲಿರ್ನಿಲ್ಲ ಸಾ. ನನ್ ಮಗ್ಳು ಮಾರ್ನೆ ದಿನ ಬಸ್ಸಲ್ ತಕಂಡೋಗಿ ಮಾದಪ್ಪನ್ ತಾವ ಉಯ್ದು ಬಂದ್ಲು."

"ಮತ್ತೆ ಸೀಟು?"

ಅವನು ನನ್ನ ತೊಡೆಯ ಮೇಲೆ ಒಂದು ಏಟು ಕೊಟ್ಟು ಇನ್ನೂ ಜೋರಾಗಿ ನಕ್ಕ. ಆ ಸೀಟನ್ನು ನಾನು ಮೂಲೆ ಮೂಲೆ ಬಿಡದೆ ಒರೆಸಿದ್ದೆ, ಎಂಥ ಗುಂಡಿಗೆಯಪ್ಪಾ ಇವನದು ಅಂದುಕೊಳ್ಳುತ್ತಾ.